ಬೈಸ್ಟಾಂಡರ್ ಇಲ್ಲದ ವಾರ್ಡು: ಮಿಲಿಟರಿ ನರ್ಸಿಂಗ್‌ಗೆ ಹೊರಡುವ ಮೊದಲು

ಪ್ಲಸ್ ಟು ಫಲಿತಾಂಶ ಬಂತೆಂದರೆ ಕಾಸರಗೋಡು ಜಿಲ್ಲೆಯ ಮೊಗ್ರಾಲಿನ ನಮ್ಮ ಮನೆಗೆ ತಾಯಂದಿರು ಬರತೊಡಗುತ್ತಾರೆ. ಕುಂಬಳೆ, ಆರಿಕ್ಕಾಡಿ, ಬಂಬ್ರಾಣ, ಹೊಳೆಯಾಚೆಯ ಮೊಗ್ರಾಲ್ ಪುತ್ತೂರಿನವರೂ ಇರುತ್ತಾರೆ. ಕೆಲವರ ಜೊತೆ ಮಗಳೂ ಬಂದಿರುತ್ತಾಳೆ, ಆದರೆ ಮಾತೆಲ್ಲ ತಾಯಿಯದೇ. "ಟೀಚರೇ, ಮಿಲಿಟರಿ ನರ್ಸಿಂಗ್ ಅಂದರೆ ಬಂದೂಕು ಹಿಡಿಯಲಿಕ್ಕುಂಟಾ? ಮದುವೆಗೆ ಬಿಡ್ತಾರಾ? ಗಲ್ಫಿಗಿಂತ ಒಳ್ಳೆಯದಾ?" ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಅಲ್ಪಾವಧಿ ಕಮಿಷನ್ ಪಡೆದು ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಸೇರಿದವಳು. ಮೇಜರ್ ಆಗಿ ಹೊರಬಂದು ಈಗ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಕಲಿಸುತ್ತಿದ್ದೇನೆ.

ನಮ್ಮ ಕರಾವಳಿಗೆ ನರ್ಸಿಂಗ್ ಹೊಸತಲ್ಲ. ಮಂಗಳೂರಿನಲ್ಲಿ ಓದು, ಆಮೇಲೆ ಗಲ್ಫ್, ಈಚೆಗೆ ಜರ್ಮನಿ, ಐರ್ಲೆಂಡ್. ಈ ದಾರಿ ಎಲ್ಲರಿಗೂ ಗೊತ್ತು. ಸೇನೆಯ ದಾರಿ ಮಾತ್ರ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಸೇವೆಯಲ್ಲಿ ನನ್ನ ಜೊತೆಗಿದ್ದ ಮಲಯಾಳಿ ಸಿಸ್ಟರ್‌ಗಳಲ್ಲಿ ಹೆಚ್ಚಿನವರು ಕೋಟ್ಟಯಂ, ಪತ್ತನಂತಿಟ್ಟ ಕಡೆಯವರು. ಕಾಸರಗೋಡಿನವಳು ಎಂದರೆ "ಅದು ಕರ್ನಾಟಕವಾ, ಕೇರಳವಾ?" ಎಂದು ಅವರೇ ಕೇಳುತ್ತಿದ್ದರು. ಬಂದ ತಾಯಂದಿರಿಗೂ ಮಕ್ಕಳಿಗೂ ನಾನು ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

1. ಗಡಿಯ ಕನಸಿಗಿಂತ ಮೊದಲು ಹೆರಿಗೆ ವಾರ್ಡು

ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಸಿನಿಮಾದ ದೃಶ್ಯ: ಗುಂಡಿನ ಸದ್ದು, ಡೇರೆ, ರಕ್ತ. ನಿಜವಾಗಿ ಗಾಯಾಳು ಸಾಗುವ ದಾರಿಯೇ ಬೇರೆ. ಮುಂಚೂಣಿಯಲ್ಲಿ ರೆಜಿಮೆಂಟಿನ ಏಯ್ಡ್ ಪೋಸ್ಟ್ ಇರುತ್ತದೆ. ಅಲ್ಲಿ ಒಬ್ಬ ವೈದ್ಯಾಧಿಕಾರಿ, ಅವರ ಕೈಕೆಳಗೆ ನರ್ಸಿಂಗ್ ಅಸಿಸ್ಟೆಂಟ್ ಜವಾನರು. ಅಲ್ಲಿಂದ ಫೀಲ್ಡ್ ಆಸ್ಪತ್ರೆ, ಆಮೇಲೆ ಜನರಲ್ ಅಥವಾ ಬೇಸ್ ಆಸ್ಪತ್ರೆ, ಕೊನೆಗೆ ಉಧಂಪುರ, ಚಂಡಿಮಂದಿರ, ಲಖನೌ, ಪುಣೆಯಂಥ ಊರುಗಳ ಕಮಾಂಡ್ ಆಸ್ಪತ್ರೆ. ನಾವು ನರ್ಸಿಂಗ್ ಅಧಿಕಾರಿಗಳು ಹೆಚ್ಚಾಗಿ ಇರುವುದು ಹಿಂದಿನ ಈ ದೊಡ್ಡ ಆಸ್ಪತ್ರೆಗಳಲ್ಲಿ.

ಆ ಆಸ್ಪತ್ರೆಗಳಲ್ಲಿ ಮಲಗಿರುವವರು ಜವಾನರಷ್ಟೇ ಅಲ್ಲ. ಅವರ ಹೆಂಡತಿ ಮಕ್ಕಳು, ತಂದೆತಾಯಿ, ನಿವೃತ್ತರು ಎಲ್ಲರೂ ಇದ್ದಾರೆ. 2003ರಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ, ಎಲ್ಲರೂ ಇಸಿಎಚ್‌ಎಸ್ ಎನ್ನುವುದು, ಶುರುವಾದ ಮೇಲೆ ವಯಸ್ಸಾದವರ ಸಕ್ಕರೆ, ಬಿಪಿ, ಹೃದಯದ ಕಾಯಿಲೆಗಳೂ ನಮ್ಮ ಕೆಲಸದ ದೊಡ್ಡ ಭಾಗವಾದವು. ನನಗೆ ಮೊದಲು ಸಿಕ್ಕಿದ್ದು ಫ್ಯಾಮಿಲಿ ವಾರ್ಡು. ಹೆರಿಗೆ, ಮಗುವಿಗೆ ಮೊದಲ ಹಾಲು, ಸಿಸೇರಿಯನ್ ಗಾಯದ ಡ್ರೆಸಿಂಗ್, ರಾತ್ರಿ ಪಾಳಿ. ಮಂಗಳೂರಿನ ಯಾವುದೇ ಆಸ್ಪತ್ರೆಯಲ್ಲಿ ಮಾಡುವ ಕೆಲಸವೇ.

ಹಾಗಾಗಿ ಹುಡುಗಿಯನ್ನು ನಾನು ಮೊದಲು ಕೇಳುವುದು ಇಷ್ಟೇ: ಬೆಡ್‌ಪ್ಯಾನ್ ಕೊಡುವುದಕ್ಕೆ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದಕ್ಕೆ ನಿನಗೆ ಮನಸ್ಸುಂಟಾ? ಸಮವಸ್ತ್ರದ ಮೇಲೆ ಮಾತ್ರ ಆಸೆ ಇದ್ದರೆ ಬೇರೆ ಬಾಗಿಲುಗಳಿವೆ. 2022ರಿಂದ ಎನ್‌ಡಿಎಗೂ ಹೆಣ್ಣುಮಕ್ಕಳು ಸೇರುತ್ತಿದ್ದಾರೆ. ಅದಕ್ಕೆ ಓದಲಿ, ತುಂಬ ಒಳ್ಳೆಯದು. ನರ್ಸಿಂಗ್‌ಗೆ ಬರುವವಳಿಗೆ ರೋಗಿಯ ಮೈ ಮುಟ್ಟಲು ಹೇಸಿಗೆ ಇರಬಾರದು.

2. ಜವಾನನಿಗೆ ಬೈಸ್ಟಾಂಡರ್ ಇಲ್ಲ

ಇದನ್ನು ಬೇರೆಲ್ಲಕ್ಕಿಂತ ಹೆಚ್ಚು ವಿವರವಾಗಿ ಹೇಳಬೇಕು. ನಾಗರಿಕ ಆಸ್ಪತ್ರೆಗೂ ಮಿಲಿಟರಿ ಆಸ್ಪತ್ರೆಗೂ ಇರುವ ನಿಜವಾದ ವ್ಯತ್ಯಾಸ ಸಮವಸ್ತ್ರದಲ್ಲಿ ಇಲ್ಲ, ಇಲ್ಲಿದೆ.

ಕಾಸರಗೋಡಿನವರಿಗೆ ಬೈಸ್ಟಾಂಡರ್ ಎಂದರೆ ಯಾರು ಎಂದು ವಿವರಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಒಬ್ಬರು ದಾಖಲಾದರೆ ಮನೆಯಿಂದ ಒಬ್ಬರು ಜೊತೆ ನಿಲ್ಲಲೇಬೇಕು. ಗಂಜಿ ತರುವುದು, ಮಾತ್ರೆ ಕೊಂಡುತರುವುದು, ರಕ್ತದ ಚೀಟಿ ಹಿಡಿದು ಓಡುವುದು, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವುದು. ಮಂಗಳೂರಿನ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ದಾರಿಯಲ್ಲೇ ಜೀವ ಬಿಟ್ಟರು. ರೋಗಿಯ ಹತ್ತಿರ ತನ್ನವರು ಇರಬೇಕು ಎನ್ನುವುದು ನಮಗೆ ರಕ್ತದಲ್ಲೇ ಗೊತ್ತು.

ಮಿಲಿಟರಿ ಆಸ್ಪತ್ರೆಯ ವಾರ್ಡಿನಲ್ಲಿ ಜವಾನನ ಮಂಚದ ಪಕ್ಕ ಆ ಚಾಪೆ ಇಲ್ಲ. ಅವನ ಮನೆ ಗದಗದಲ್ಲೋ ಗೋರಖಪುರದಲ್ಲೋ ಇರುತ್ತದೆ. ಯೂನಿಟ್‌ನವರು ತಂದು ಬಿಟ್ಟು, ಕಾಗದಪತ್ರ ಮುಗಿಸಿ ಹೋಗುತ್ತಾರೆ. ಆಗಾಗ ಬಂದು ನೋಡುತ್ತಾರೆ, ಅದು ಸುಳ್ಳಲ್ಲ. ಆದರೆ ನಡುರಾತ್ರಿ ಅವನ ಬಾಯಿ ಒಣಗಿದರೆ ನೀರು ಕೊಡುವವಳು ಡ್ಯೂಟಿಯಲ್ಲಿರುವ ಸಿಸ್ಟರೇ.

ಲೇಹ್‌ನ 153 ಜನರಲ್ ಆಸ್ಪತ್ರೆಯಲ್ಲಿ ಹಿಮಗಾಯದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾಗ ಇದು ನನಗೆ ಪೂರ್ತಿ ಅರ್ಥವಾಯಿತು. ಹಿಮಗಾಯವೆಂದರೆ ಚಳಿಗೆ ಬೆರಳು ಮರಗಟ್ಟಿ, ಬಿಳುಚಿ, ಆಮೇಲೆ ಕಪ್ಪಾಗುವುದು. ಅದನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಅದ್ದಿಡಬೇಕು. ನೀರು ಆರುತ್ತಿದ್ದಂತೆ ಮತ್ತೆ ಬಿಸಿನೀರು ಬೆರೆಸುತ್ತ ಥರ್ಮಾಮೀಟರ್ ನೋಡುತ್ತಲೇ ಇರಬೇಕು. ಮರಗಟ್ಟಿದ್ದಾಗ ನೋವು ಗೊತ್ತಾಗುವುದಿಲ್ಲ. ರಕ್ತ ಹರಿಯತೊಡಗಿದಾಗ ಬರುವ ನೋವಿಗೆ ಗಟ್ಟಿಮುಟ್ಟಾದ ಜವಾನರೂ ಹಲ್ಲು ಕಚ್ಚುತ್ತಾರೆ. ಅದಕ್ಕೆಂದೇ ನೋವಿನ ಇಂಜೆಕ್ಷನ್ ಮೊದಲೇ ಕೊಟ್ಟಿರಬೇಕು. ಆಮೇಲೆ ಬೆರಳುಗಳ ನಡುವೆ ಒಂದೊಂದಾಗಿ ಒಣ ಗಾಜ್ ಇಟ್ಟು, ಬಿಗಿಯಾಗದ ಹಾಗೆ ಸುತ್ತುವುದು. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆ ಸ್ಪಷ್ಟವಾಗಲು ವಾರಗಟ್ಟಲೆ ಬೇಕು. ಅಲ್ಲಿಯ ತನಕ ಯಾವ ಬೆರಳು ಉಳಿಯುತ್ತದೆ ಎಂದು ಸರ್ಜನ್ ಕೂಡ ಹೇಳುವುದಿಲ್ಲ. ರೋಗಿ ಮಾತ್ರ ದಿನಾ ಬೆಳಿಗ್ಗೆ ಅದನ್ನೇ ಕೇಳುತ್ತಾನೆ.

ಉತ್ತರ ಕರ್ನಾಟಕದ ಹುಡುಗನೊಬ್ಬನಿದ್ದ. ಎರಡೂ ಕೈಗೆ ಬ್ಯಾಂಡೇಜು. ಊಟ ನಾವೇ ತಿನ್ನಿಸಬೇಕು, ಗಡ್ಡ ನಾವೇ ತೆಗೆಸಬೇಕು. ಊರಿಗೆ ಫೋನ್ ಮಾಡಬೇಕೆಂದರೆ ನಂಬರು ಒತ್ತಿ ಕಿವಿಗೆ ಹಿಡಿದು ನಿಲ್ಲಬೇಕು. ಅವನದು ಒಂದೇ ಷರತ್ತು: ವಿಡಿಯೋ ಕಾಲ್ ಬೇಡ, ಅವ್ವ ಕೈ ನೋಡಬಾರದು. "ಅರಾಮ ಅದೀನವ್ವಾ, ಇಲ್ಲಿ ಛೊಲೊ ನೋಡ್ಕೋತಾರ" ಎಂದು ಅವನು ಹೇಳುವಷ್ಟು ಹೊತ್ತೂ ನಾನು ಫೋನ್ ಹಿಡಿದು ಬೇರೆ ಕಡೆ ನೋಡುತ್ತಿದ್ದೆ. ಯಾವ ಪಠ್ಯಪುಸ್ತಕದಲ್ಲೂ ಈ ಕೆಲಸಕ್ಕೆ ಅಧ್ಯಾಯವಿಲ್ಲ. ಮಿಲಿಟರಿ ನರ್ಸಿಂಗ್ ಎಂದು ನಾನು ಕರೆಯುವುದು ಇದನ್ನೇ.

ನಮ್ಮಲ್ಲಿ ಎರಡು ಪಟ್ಟಿಗಳಿವೆ: ಎಸ್‌ಐಎಲ್, ಡಿಐಎಲ್. ತೀವ್ರ ಅನಾರೋಗ್ಯದ ಪಟ್ಟಿ, ಪ್ರಾಣಾಪಾಯದ ಪಟ್ಟಿ. ಡಿಐಎಲ್‌ಗೆ ಹೆಸರು ಬಿತ್ತೆಂದರೆ ಮನೆಯವರಿಗೆ ಸುದ್ದಿ ಹೋಗುತ್ತದೆ. ಅವರು ರೈಲು ಹತ್ತಿ, ಭಾಷೆ ಗೊತ್ತಿಲ್ಲದ ಊರಿನಲ್ಲಿ ಇಳಿದು, ವಾರ್ಡಿನ ಬಾಗಿಲಿಗೆ ಬಂದು ನಿಂತಾಗ ಮೊದಲು ಎದುರಾಗುವವಳು ಸಿಸ್ಟರ್. ಅಷ್ಟರಲ್ಲಿ ಏನು ನಡೆಯಿತು, ಮಗ ಏನು ಹೇಳಿದ, ಕೊನೆಗೆ ಏನು ತಿಂದ ಎಂಬ ಪ್ರಶ್ನೆಗಳನ್ನು ಅವರು ಡಾಕ್ಟರರ ಹತ್ತಿರ ಕೇಳುವುದಿಲ್ಲ, ನಮ್ಮ ಹತ್ತಿರ ಕೇಳುತ್ತಾರೆ.

ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು 19 ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಫೆಬ್ರವರಿ 8ರಂದು ಅವರೊಬ್ಬರು ಜೀವಂತವಾಗಿ ಸಿಕ್ಕರು. ಮರುದಿನ ದೆಹಲಿಯ ಆರ್ಮಿ ಆಸ್ಪತ್ರೆಗೆ ತಂದರು, 11ರಂದು ತೀರಿಕೊಂಡರು. ಆ ದಿನಗಳಲ್ಲಿ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ನನ್ನ ಮನಸ್ಸು ಮಾತ್ರ ಐಸಿಯುನಲ್ಲಿ ಪಾಳಿ ಬದಲಾಗುವಾಗ ಚಾರ್ಟು ಕೈಗೆ ತೆಗೆದುಕೊಳ್ಳುವ ಸಿಸ್ಟರ್‌ಗಳ ಕಡೆಗೇ ಹೋಗುತ್ತಿತ್ತು. ಪ್ರತಿ ಗಂಟೆಗೆ ಮೂತ್ರದ ಪ್ರಮಾಣ, ರಕ್ತದೊತ್ತಡ, ವೆಂಟಿಲೇಟರಿನ ಅಂಕಿ ಬರೆಯುವ ಕೈ ಅವರದು. ದೇಶವೆಲ್ಲ ಪ್ರಾರ್ಥಿಸುತ್ತಿರುವಾಗಲೂ ಬಾಯಿಯೊಳಗೆ ಹತ್ತಿ ಹಾಕಿ ಸ್ವಚ್ಛ ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ.

3. ಬಾಗಿಲು ಎರಡು, ಯಾವುದು ಎಂದು ಮೊದಲೇ ಗೊತ್ತಿರಲಿ

ಒಂದು, ಪ್ಲಸ್ ಟು ಆದ ಕೂಡಲೇ ಸೇನೆಯದೇ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಪುಣೆ, ಕೋಲ್ಕತ್ತಾ, ಮುಂಬಯಿ, ದೆಹಲಿ, ಲಖನೌ, ಬೆಂಗಳೂರು, ಹೀಗೆ ಆರು ಕಡೆ ಕಾಲೇಜುಗಳಿವೆ. ಎಲ್ಲ ಸೇರಿ 220 ಸೀಟು, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲಿ 40. ಓದು, ಊಟ, ವಸತಿಗೆ ಮನೆಯಿಂದ ದುಡ್ಡು ಬೇಡ, ಮೇಲೆ ಸ್ಟೈಪೆಂಡ್ ಸಿಗುತ್ತದೆ. ಬದಲಿಗೆ ಓದು ಮುಗಿದ ಮೇಲೆ ಸೇವೆ ಮಾಡುತ್ತೇನೆಂದು ಬಾಂಡ್ ಬರೆದುಕೊಡಬೇಕು. ಆ ಬಾಂಡನ್ನು ಸಹಿ ಹಾಕುವ ಮೊದಲು ತಂದೆ, ತಾಯಿ, ಮಗಳು ಮೂವರೂ ಕೂತು ಓದಬೇಕು. ನಡುವೆ ಬಿಟ್ಟರೆ ದುಡ್ಡು ಕಟ್ಟಬೇಕಾಗುತ್ತದೆ.

ಇದಕ್ಕೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಓದಿರಬೇಕು, 50 ಶೇಕಡಾ ಅಂಕ ಬೇಕು, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಈ ಕೊನೆಯ ಷರತ್ತು ಅನೇಕರಿಗೆ ಗೊತ್ತಾಗುವುದೇ ಅರ್ಜಿ ಹಾಕುವ ಹೊತ್ತಿಗೆ. 2022ರಿಂದ ನೀಟ್ ಕೂಡ ಕಡ್ಡಾಯ. ಇಲ್ಲಿ ನಮ್ಮ ಗಡಿನಾಡಿನ ಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ, ಆದರೆ ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರ ಹಾಕಿದರೆ ಇಂಗ್ಲಿಷ್, ಹಿಂದಿ, ಉರ್ದು ಅಥವಾ ಮಲಯಾಳವೇ ಗತಿ. ಕನ್ನಡದಲ್ಲಿ ಬರೆಯುವ ಆಸೆಯಿದ್ದರೆ ಅರ್ಜಿಯಲ್ಲೇ ಮಂಗಳೂರು ಕೇಂದ್ರವನ್ನು ಆರಿಸಬೇಕು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಟೀಚರುಗಳು ಇದನ್ನು ಜನವರಿಯಲ್ಲೇ ಮಕ್ಕಳಿಗೆ ಹೇಳಬೇಕು ಎಂದು ನನ್ನ ಕಳಕಳಿಯ ವಿನಂತಿ. ನೀಟ್ ಮುಗಿದ ಮೇಲಿನ ಸೇನೆಯ ಪರೀಕ್ಷೆಗೆ ಇಂಗ್ಲಿಷ್ ಇಲ್ಲದೆ ಆಗದು, ಅದನ್ನೂ ಈಗಲೇ ರೂಢಿ ಮಾಡಿಕೊಳ್ಳಬೇಕು.

ಎರಡನೆಯ ಬಾಗಿಲು ನಾನು ಬಂದದ್ದು. ಹೊರಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿಕೊಂಡವರಿಗೆ ಅಲ್ಪಾವಧಿ ಕಮಿಷನ್. ವಯಸ್ಸು 21ರಿಂದ 35ರ ಒಳಗೆ. ಇದಕ್ಕೆ ಬರುವವರು ಕಾಲೇಜಿಗೆ ಫೀಸು ಕಟ್ಟುವ ಮೊದಲು ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಉಂಟೋ ಎಂದು ಲಿಖಿತವಾಗಿ ಕೇಳಬೇಕು. ರಾಜ್ಯದ ಮಾನ್ಯತೆ ಬೇರೆ, ಕೇಂದ್ರದ ಕೌನ್ಸಿಲಿನ ಮಾನ್ಯತೆ ಬೇರೆ. ಏಜೆಂಟರು ಎರಡಕ್ಕೂ ಒಂದೇ ಉತ್ತರ ಕೊಡುತ್ತಾರೆ. ಸಾಲ ಮಾಡಿ ಓದಿದ ಮೇಲೆ ಈ ಒಂದು ಕಾಗದಕ್ಕಾಗಿ ಅತ್ತ ಹುಡುಗಿಯರನ್ನು ನಾನು ಕಂಡಿದ್ದೇನೆ.

4. ನಮ್ಮ ಬಾಯಲ್ಲಿರುವ ಭಾಷೆಗಳು ನಮ್ಮ ಆಸ್ತಿ

ಮೊಗ್ರಾಲಿನ ಮಗು ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಮಾತಾಡಿ ಬೆಳೆಯುತ್ತದೆ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ. ಇಷ್ಟು ಬಂದವರಿಗೆ ಹಿಂದಿ ಕಲಿಯುವುದು ಕಷ್ಟವಲ್ಲ, ಕಲಿಯಲೇಬೇಕು. ವಾರ್ಡು ನಡೆಯುವುದು ಹಿಂದಿಯಲ್ಲಿ, ಕಾಗದ ನಡೆಯುವುದು ಇಂಗ್ಲಿಷಿನಲ್ಲಿ.

ಆದರೆ ಅರಿವಳಿಕೆ ಇಳಿಯುವ ಹೊತ್ತಿಗೆ ರೋಗಿ ಹಿಂದಿ ಮಾತಾಡುವುದಿಲ್ಲ. ಆಪರೇಶನ್ ಮುಗಿದು ಕಣ್ಣು ಬಿಡುವಾಗ ಬಾಯಿಂದ ಬರುವುದು ತಾಯಿಯ ಭಾಷೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ, ಕೊಡಗಿನ ಮನೆಮನೆಯಿಂದ ಸೇನೆಗೆ ಹೋದವರು. ನಮ್ಮ ನುಡಿಯ ರೋಗಿಗಳು ದೇಶದ ಯಾವ ಆಸ್ಪತ್ರೆಯಲ್ಲೂ ಸಿಗುತ್ತಾರೆ. ಅಸ್ಸಾಮಿನಲ್ಲಿದ್ದಾಗ ನನ್ನದಲ್ಲದ ವಾರ್ಡಿನಿಂದಲೂ ಕರೆ ಬರುತ್ತಿತ್ತು: "ಮೇಡಂ, ಆಪ್ ಕೀ ಭಾಷಾ ವಾಲಾ ಪೇಶೆಂಟ್ ಹೈ." ನೋವು ಎಲ್ಲಿ, ಎಂಥ ನೋವು, ಚುಚ್ಚುತ್ತದಾ, ಸೆಳೆಯುತ್ತದಾ, ಉರಿಯುತ್ತದಾ ಎಂದು ಅವನ ಮಾತಿನಲ್ಲೇ ಕೇಳಿದರೆ ಡಾಕ್ಟರರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

5. ಹೆಗಲ ಮೇಲೆ ನಕ್ಷತ್ರ ಬಿದ್ದ ದಿನ ವಿದ್ಯೆ ಬರುವುದಿಲ್ಲ

ಸೇರಿದ ದಿನವೇ ನೀವು ಲೆಫ್ಟಿನೆಂಟ್. ನಿಮ್ಮ ವಾರ್ಡಿನಲ್ಲಿರುವ ನರ್ಸಿಂಗ್ ಅಸಿಸ್ಟೆಂಟ್ ಹವಾಲ್ದಾರ್ ನಿಮ್ಮ ತಂದೆಯ ಪ್ರಾಯದವರು. ಅವರು ಎದ್ದು ನಿಂತು "ಜೈ ಹಿಂದ್ ಮೇಡಂ" ಎನ್ನುತ್ತಾರೆ. ಅವರಿಗೆ ಆದೇಶ ಕೊಡುವ ಹಕ್ಕು ನಿಮಗೆ ಉಂಟು. ಆದರೆ ಒಮ್ಮೆಲೆ ಹತ್ತು ಗಾಯಾಳು ಬಂದಾಗ ಯಾರನ್ನು ಮೊದಲು ಒಳಗೆ ತೆಗೆದುಕೊಳ್ಳಬೇಕೆಂದು ಅವರ ಕಣ್ಣಿಗೆ ಗೊತ್ತು. ನಾಲ್ಕು ಜನರ ಎದುರು ಆದೇಶ ಕೊಡಿ, ಆಮೇಲೆ ಪಕ್ಕಕ್ಕೆ ಕರೆದು "ಸಾಬ್, ಇದನ್ನು ನೀವು ಹೇಗೆ ಮಾಡುತ್ತೀರಿ?" ಎಂದು ಕೇಳಿ ಕಲಿಯಿರಿ. ಎರಡಕ್ಕೂ ಜಾಗವುಂಟು.

ಈ ಸೇವೆಗೆ ದೊಡ್ಡ ಚರಿತ್ರೆಯಿದೆ, ಸೇರುವವರಿಗೆ ಅದು ತಿಳಿದಿರಬೇಕು. 1888ರ ಮಾರ್ಚ್‌ನಲ್ಲಿ ಕ್ಯಾಥರಿನ್ ಗ್ರೇಸ್ ಲೋಕ್ ಮೊದಲಾದ ಬೆರಳೆಣಿಕೆಯ ಬ್ರಿಟಿಷ್ ನರ್ಸ್‌ಗಳು ಮುಂಬಯಿಯಲ್ಲಿ ಇಳಿದಲ್ಲಿಂದ ಇದು ಶುರು. 1926ರ ಅಕ್ಟೋಬರ್ 1ರಂದು ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಕಾಯಂ ಆಗಿ ರೂಪುಗೊಂಡಿತು. 1943ರ ಸುಗ್ರೀವಾಜ್ಞೆಯಿಂದ ನರ್ಸ್‌ಗಳು ಕಮಿಷನ್ ಪಡೆದ ಅಧಿಕಾರಿಗಳಾದರು. 1976ರಲ್ಲಿ ಭಾರತೀಯ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಗೇರಿದ ಮೊದಲ ಮಹಿಳೆ ಜಿ. ಆಲಿಸ್ ರಾಮ್ ಒಬ್ಬ ನರ್ಸ್. ಹೆಣ್ಣುಮಕ್ಕಳು ಸೇನೆಗೆ ಈಚೆಗೆ ಬಂದರು ಎಂದು ಹೇಳುವವರಿಗೆ ನಾನು ಈ ಹೆಸರನ್ನು ಹೇಳುತ್ತೇನೆ.

ಸಮಾನತೆ ಮಾತ್ರ ಪೂರ್ತಿಯಾಗಿಲ್ಲ. ಏಳನೇ ವೇತನ ಆಯೋಗದಲ್ಲಿ ಮಿಲಿಟರಿ ಸರ್ವಿಸ್ ಪೇ ಇತರ ಅಧಿಕಾರಿಗಳಿಗೆ 15,500 ರೂಪಾಯಿ, ನರ್ಸಿಂಗ್ ಅಧಿಕಾರಿಗಳಿಗೆ 10,800. ಒಂದೇ ಆಸ್ಪತ್ರೆ, ಒಂದೇ ರಾತ್ರಿ, ಒಂದೇ ರೋಗಿ. ಈ ಅಂತರ ಹೋಗಲೇಬೇಕು ಎಂದು ನಾನು ನಂಬುತ್ತೇನೆ. ಸೇರುವವರು ಇದನ್ನು ತಿಳಿದೇ ಸೇರಲಿ.

6. ಮದುವೆಯ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಉತ್ತರ ಬಂದಿದೆ

ತಾಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಅವರ ಭಯಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಮದುವೆಯಾದ ನರ್ಸಿಂಗ್ ಅಧಿಕಾರಿಯನ್ನು ಸೇವೆಯಿಂದ ಬಿಡುಗಡೆ ಮಾಡುವ 1977ರ ಸೇನಾ ನಿಯಮವಿತ್ತು. ಆ ನಿಯಮದಡಿ 1988ರಲ್ಲಿ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು ಮನೆಗೆ ಕಳುಹಿಸಿದರು. ನಿಯಮ 1995ರಲ್ಲಿ ಹೋಯಿತು, ಆದರೆ ಅವರು ಹೋರಾಟ ಬಿಡಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಲಿಂಗ ತಾರತಮ್ಯವೆಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೆಲಸ ಕಳೆದುಕೊಂಡು ಮೂವತ್ತೈದು ವರ್ಷ ದಾಟಿದ ಮೇಲೆ ಬಂದ ನ್ಯಾಯ. ಅವರು ಅಷ್ಟು ಕಾಲ ನಿಂತದ್ದರಿಂದ ಮುಂದಿನವರ ದಾರಿ ಇನ್ನಷ್ಟು ಗಟ್ಟಿಯಾಯಿತು.

ಸೇನಾ ಕಾಲೇಜಿಗೆ ಸೇರುವಾಗ ಅವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆ ಆಗಿರಬೇಕು ಎಂಬ ಷರತ್ತು ಇದೆ. ಕಮಿಷನ್ ಸಿಕ್ಕಿದ ಮೇಲೆ ಮದುವೆ ಆಗಬಹುದು, ಮಕ್ಕಳಾಗಬಹುದು. ಕಷ್ಟ ಇರುವುದು ವರ್ಗಾವಣೆಯಲ್ಲಿ. ಗಂಡ ಮಂಗಳೂರಿನಲ್ಲಿ ಅಂಗಡಿ ಇಟ್ಟಿದ್ದರೆ ನೀವು ಅವನ ಹತ್ತಿರವೇ ಇರುತ್ತೀರಿ ಎಂದು ಯಾರೂ ಮಾತು ಕೊಡಲಾರರು. ನಮಗೆ ಹತ್ತಿರದ ಮಿಲಿಟರಿ ಆಸ್ಪತ್ರೆ ಕಣ್ಣೂರಿನದು, ನೌಕಾಪಡೆಯದು ಏಳಿಮಲದಲ್ಲಿ. ಅಲ್ಲಿಗೆ ಬರಲು ಸಾಲು ದೊಡ್ಡದು. ಗಂಡು ನೋಡಲು ಬಂದ ದಿನವೇ ಇದನ್ನು ಬಾಯಿಬಿಟ್ಟು ಹೇಳಬೇಕು. "ಆಮೇಲೆ ನೋಡಿದರಾಯಿತು" ಎಂದು ಮುಚ್ಚಿಟ್ಟ ಸಂಬಂಧಗಳಲ್ಲಿ ಹುಡುಗಿಯೇ ಕೆಲಸ ಬಿಟ್ಟದ್ದು ಹೆಚ್ಚು.

7. ಗಲ್ಫಿನ ದಿರ್ಹಮ್ಮಿಗೆ ಹೋಲಿಸುವಾಗ

ಲೆಫ್ಟಿನೆಂಟ್‌ಗೆ ಮೂಲವೇತನ 56,100 ರೂಪಾಯಿಯಿಂದ ಶುರು. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ, ತುಟ್ಟಿಭತ್ಯೆ ಮೊದಲಾದವು. ಕಾಸರಗೋಡು, ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಹೊಸ ನರ್ಸ್‌ಗೆ ಕೈಗೆ ಬರುವುದನ್ನು ನೆನೆದರೆ ಇದು ಗೌರವದ ಸಂಬಳ. ಅದಕ್ಕೆ ಏಜೆಂಟ್ ಬೇಡ, ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಕಾಗಿಲ್ಲ.

ಪಿಂಚಣಿಯ ವಿಷಯ ಮಾತ್ರ ಸರಿಯಾಗಿ ತಿಳಿಯಬೇಕು. ಅಲ್ಪಾವಧಿ ಕಮಿಷನ್ ಮೊದಲು ಐದು ವರ್ಷಕ್ಕೆ, ವಿಸ್ತರಣೆ ಸಿಕ್ಕರೆ ಒಟ್ಟು 14 ವರ್ಷದ ತನಕ. ಅಧಿಕಾರಿಗಳ ಪಿಂಚಣಿಗೆ ಬೇಕಾದದ್ದು 20 ವರ್ಷದ ಸೇವೆ. ನನ್ನ ಹಾಗೆ ಅಲ್ಪಾವಧಿಯಲ್ಲೇ ಹೊರಬಂದವರಿಗೆ ತಿಂಗಳ ಪಿಂಚಣಿ ಇಲ್ಲ. ಕಾಯಂ ಕಮಿಷನ್ ಸಿಕ್ಕವರ ಲೆಕ್ಕ ಬೇರೆ. ಆದುದರಿಂದ ಮೊದಲ ಸಂಬಳದಿಂದಲೇ ಉಳಿತಾಯ ಶುರು ಮಾಡಬೇಕು, ಸೇವೆಯಲ್ಲಿರುವಾಗಲೇ ಐಸಿಯು, ಆಪರೇಶನ್ ಥಿಯೇಟರ್, ಕ್ಯಾನ್ಸರ್ ಶುಶ್ರೂಷೆ ಹೀಗೆ ಯಾವುದಾದರೂ ಒಂದರಲ್ಲಿ ಪರಿಣತಿಯ ಕೋರ್ಸು ಮುಗಿಸಿಕೊಳ್ಳಬೇಕು. ನನಗೆ ಹೊರಗೆ ಬಂದ ಮೇಲೆ ಕೆಲಸ ಸಿಕ್ಕಿದ್ದು ಅದರಿಂದಲೇ.

8. ಗಂಡುಮಕ್ಕಳೇ, ನಿಮ್ಮ ಮಾತೂ ಇದೆ

ಈಚೆಗೆ ಹುಡುಗರೂ ನರ್ಸಿಂಗ್ ಓದುತ್ತಿದ್ದಾರೆ, ಚೆನ್ನಾಗಿ ಓದುತ್ತಿದ್ದಾರೆ. 1943ರ ಸುಗ್ರೀವಾಜ್ಞೆ ಈ ಸೇವೆಯನ್ನು ಹೆಂಗಸರಿಗೆ ಮಾತ್ರ ಮೀಸಲಿಟ್ಟಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಮೀಸಲನ್ನು ಸಂವಿಧಾನಬಾಹಿರವೆಂದು ಹೇಳಿತು. ಕರ್ನಾಟಕದ ನರ್ಸ್‌ಗಳೇ ಹೂಡಿದ ದಾವೆ ಅದು. ಪ್ರತಿ ಸಲದ ಅಧಿಸೂಚನೆಯಲ್ಲಿ ಅರ್ಹತೆಯ ಸಾಲನ್ನು ನೀವೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

9. ನಿಮ್ಮ ಮೈಯೂ ಒಂದು ಉಪಕರಣ

ಲೇಹ್ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ಸಮುದ್ರಮಟ್ಟದಿಂದ ಹೋದ ನಮ್ಮಂಥವರಿಗೆ ಮೊದಲ ಆರು ದಿನ ಒಗ್ಗಿಕೊಳ್ಳುವ ಅವಧಿ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಆಮೇಲೆ ಸ್ವಲ್ಪ ಏರು. "ನನಗೇನೂ ಆಗುವುದಿಲ್ಲ" ಎಂದು ಓಡಾಡಿದವರ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತದೆ. ನೋಡಿಕೊಳ್ಳಬೇಕಾದ ನರ್ಸೇ ರೋಗಿಯ ಮಂಚಕ್ಕೆ ಬಂದರೆ ವಾರ್ಡಿಗೆ ಎರಡು ಪಟ್ಟು ನಷ್ಟ.

ಮೊಗ್ರಾಲಿನ ಫುಟ್‌ಬಾಲ್ ಎಂದರೆ ಜಿಲ್ಲೆಗೇ ಹೆಸರು. ಆದರೆ ಸಂಜೆ ಮೈದಾನದಲ್ಲಿ ಓಡುವುದು ಗಂಡುಮಕ್ಕಳು ಮಾತ್ರ. ಹೆಣ್ಣುಮಕ್ಕಳು ಟ್ಯೂಷನ್ನಿಂದ ಮನೆ, ಮನೆಯಿಂದ ಟ್ಯೂಷನ್. ವೈದ್ಯಕೀಯ ಪರೀಕ್ಷೆಗೆ ಬರುವ ಹುಡುಗಿಯರಲ್ಲಿ ರಕ್ತಹೀನತೆ ಪದೇ ಪದೇ ಕಾಣುತ್ತದೆ. ಪ್ಲಸ್ ಒನ್‌ನಲ್ಲಿರುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ, ಕಣ್ಣು, ಹಲ್ಲು, ಕಿವಿ ತೋರಿಸಿ. ಒಂದು ವರ್ಷ ಕೈಯಲ್ಲಿದ್ದರೆ ಸರಿಯಾಗುವಂಥದ್ದು ಪರೀಕ್ಷೆಯ ಹಿಂದಿನ ವಾರ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಸಂಜೆ ಅರ್ಧ ಗಂಟೆ ಬಿರುಸಿನ ನಡಿಗೆಗೆ ಮಗಳನ್ನು ಬಿಡಿ ಎಂದು ತಂದೆಯರಲ್ಲಿ ಕೇಳಿಕೊಳ್ಳುತ್ತೇನೆ.

10. ಅರ್ಜಿ ತುಂಬುವ ಮೊದಲು ಪಾಲಿಯೇಟಿವ್ ನರ್ಸ್ ಜೊತೆ ಹೋಗಿ ನೋಡಿ

ಕೇರಳದಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಅವಕಾಶ ಬಾಗಿಲಲ್ಲೇ ಇದೆ. 2008ರಲ್ಲಿ ರಾಜ್ಯ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತಿನ ನರ್ಸ್ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ಒಂದು ದಿನ ಅವರ ಜೀಪಿನಲ್ಲಿ ಕುಳಿತು ಹೋಗಲು ಅನುಮತಿ ಕೇಳಿ. ಕ್ಯಾತಿಟರ್ ಬದಲಿಸುವುದು, ಸೊಂಟದ ಹುಣ್ಣು ತೊಳೆಯುವುದು, ಮಕ್ಕಳೆಲ್ಲ ಗಲ್ಫಿನಲ್ಲಿರುವ ಅಜ್ಜಿಯ ಹತ್ತಿರ ಕೂತು ಮಾತಾಡಿಸುವುದು. ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆಯ ಕಡೆ ಹೋದರೆ, ಮೂವತ್ತು ದಾಟಿದ ಮಗನನ್ನು ಇನ್ನೂ ಎತ್ತಿ ಸ್ನಾನ ಮಾಡಿಸುವ ತಾಯಂದಿರನ್ನು ಕಾಣುತ್ತೀರಿ. ಸಂಜೆ ಮನೆಗೆ ಬಂದ ಮೇಲೆ ನಾಳೆಯೂ ಹೋಗಬೇಕು ಅನಿಸಿದರೆ ಅರ್ಜಿ ತುಂಬಿ. ಬೇಡ ಅನಿಸಿದರೆ ಅದನ್ನು ಮನೆಯಲ್ಲಿ ಧೈರ್ಯವಾಗಿ ಹೇಳಿ. ಈ ನಿರ್ಧಾರ ಮಗಳದೇ ಆಗಿರಬೇಕು, ಅದಕ್ಕೇ ನಮ್ಮ ಮನೆಗೆ ಬಂದ ತಾಯಿಯನ್ನು ಚಹಾ ಕೊಟ್ಟು ಕೂರಿಸಿ ನಾನು ಹುಡುಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮಾತಾಡುತ್ತೇನೆ.

11. ದೆಹಲಿಗೆ ಹೊರಡುವಾಗ

ಸೇನಾ ಕಾಲೇಜಿನ ಸಂದರ್ಶನ, ವೈದ್ಯಕೀಯ ಪರೀಕ್ಷೆ ದೆಹಲಿ ಕಂಟೋನ್ಮೆಂಟಿನ ಬೇಸ್ ಆಸ್ಪತ್ರೆಯಲ್ಲಿ ನಡೆಯುತ್ತದೆ. ಕಾಸರಗೋಡಿನಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ನೇರ ನಿಜಾಮುದ್ದೀನ್ ತಲುಪುತ್ತದೆ. ಕರೆ ಬಂದ ದಿನವೇ ಟಿಕೆಟ್ ಮಾಡಿ, ಪರೀಕ್ಷೆಗೆ ಒಂದು ದಿನ ಮೊದಲೇ ತಲುಪುವಂತಿರಲಿ. ರೈಲಿನ ಆಯಾಸದಲ್ಲೇ ಪರೀಕ್ಷೆಗೆ ನಿಂತರೆ ಬಿಪಿ ಏರಿರುತ್ತದೆ. ಎಸ್ಸೆಸ್ಸೆಲ್ಸಿ, ಪ್ಲಸ್ ಟು ಮೂಲಪತ್ರಗಳು, ನೀಟ್ ಅಂಕಪಟ್ಟಿ, ಆಧಾರ್, ಕನ್ನಡಕ ಇದ್ದರೆ ಅದರ ಚೀಟಿ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇರಲಿ. ಹೆಸರು ಒಂದರಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇರುವುದು ನಮ್ಮ ಗಡಿನಾಡಿನ ಕಾಗದಪತ್ರಗಳಲ್ಲಿ ಮಾಮೂಲಿ. ಕನ್ನಡದಲ್ಲಿ ಬರೆದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದಕ್ಷರ ಆಚೀಚೆ ಆಗಿರುತ್ತದೆ. ಅಕ್ಷಯ ಕೇಂದ್ರಕ್ಕೆ ಹೋಗಿ ಆಧಾರ್ ಮತ್ತು ಪ್ಲಸ್ ಟು ಪತ್ರದ ಹೆಸರು ಒಂದೇ ಆಗುವಂತೆ ಮಳೆಗಾಲಕ್ಕೆ ಮೊದಲೇ ಸರಿಪಡಿಸಿಕೊಳ್ಳಿ. ಮಳೆಗಾಲ ಶುರುವಾದ ಮೇಲೆ ಅಲ್ಲಿ ಶಾಲಾ ಪ್ರವೇಶದವರ ಸಾಲು ರಸ್ತೆಯ ತನಕ ಇರುತ್ತದೆ.